ಕಸದ ಗಂಟೂ ಪೌರಧರ್ಮವೂ

ಪೀಣ್ಯ, ಜಾಲಹಳ್ಳಿಗಳ ಯಂತ್ರಶಾಲೆಗಳಲ್ಲಿ ಹಿತ್ತಾಳೆಯ ತುರಿಯನ್ನು ಉಕ್ಕಿನ ತುರಿಯೊಡನೆ ಬೆರೆಯಗೊಡುವುದಿಲ್ಲ. ಲೇತಿನ ಕೆಳಗೆ ಬಿದ್ದ ಆ ಸುರುಳಿಗಳು ಕಸವೇ ಸರಿ. ಆದರೂ ಬೇರೆಬೇರೆಯಾಗಿದ್ದರೆ ಅವಕ್ಕೆ ಒಳ್ಳೆಯ ಬೆಲೆ, ಬೆರೆತರೆ ನಷ್ಟ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೂ ಈ ವಿಷಯವು ಬಹುಬೇಗ ತಿಳಿಯುತ್ತದೆ. 1953ರಲ್ಲಿ ಎಚ್.ಎಂ.ಟಿ.ಯೂ 1954ರಲ್ಲಿ ಬಿ.ಇ.ಎಲ್. ಸಂಸ್ಥೆಯೂ ಜನ್ಮತಾಳಿದಂದಿನಿಂದ ಕೂದಲೆಳೆಯ ಅಂತರವನ್ನೂ ಲೆಕ್ಕಕ್ಕೆ ಹಿಡಿಯುವ ಶಿಸ್ತಿನಲ್ಲಿ ಪಳಗಿದ ಜನರ ಸೀಮೆ ಇದು. ಹೀಗಿರುವಲ್ಲಿ, ಅದೇ ಜನರ ಮನೆಬಾಗಿಲುಗಳಲ್ಲಿ ಪ್ರತಿ ಮುಂಜಾನೆ ಅನ್ನದ ಅಗುಳು, ಹಾಲಿನ ಚೀಲ, ಒಡೆದ ಗಾಜು, ಕೂಸಿನ ಡೈಪರು, ಎಲ್ಲವೂ ಒಂದೇ ಗಂಟಾಗಿ ಕುಳಿತಿರುವುದನ್ನು ಕಂಡರೆ ಏನೆನ್ನಬೇಕು? ಲಾಭವು ನಮ್ಮದಾದಲ್ಲಿ ವಿವೇಕವುಂಟು, ಪರರದಾದಲ್ಲಿ ಇಲ್ಲ ಎಂದೇ ಎನ್ನಬೇಕಾಗುತ್ತದೆ.

ಆ ಗಂಟನ್ನು ಬಿಚ್ಚುವವರು ಯಾರೆಂಬುದನ್ನು ವಾಚಕರು ಕೊಂಚ ಯೋಚಿಸಲಿ. ಪೌರಕಾರ್ಮಿಕಳೊಬ್ಬಳು, ಅನೇಕ ಸಲ ಬರಿಗೈಯಲ್ಲಿ, ನಮ್ಮ ಮನೆಯ ಗಾಜಿನ ಚೂರನ್ನು ಹುಡುಕಿ ತೆಗೆಯುತ್ತಾಳೆ. ಆಕೆ ತೆಗೆಯದೆ ಉಳಿದುದು ಊರಾಚೆಗೆ ಹೋಗುತ್ತದೆ. ಜಾಲಹಳ್ಳಿಗೆ ಉತ್ತರದಲ್ಲಿರುವ ಮಾವಳ್ಳಿಪುರದವರು ವರ್ಷಗಟ್ಟಲೆ ಈ ರಾಶಿಯ ದುರ್ಗಂಧವನ್ನೂ ಅದರಿಂದ ಒಸರುವ ಕಪ್ಪು ನೀರನ್ನೂ ಸಹಿಸಿದರು. ಗಾಳಿಯಾಡದೆ ಪ್ಲಾಸ್ಟಿಕ್ಕಿನಡಿ ಕೊಳೆತ ಹಸಿಕಸವೇ ಆ ನೀರಿಗೆ ಮೂಲ. 2012ರಲ್ಲಿ ಅವರು ತಡೆದು ನಿಂತರು. ಆ ಕೊಟ್ಟಿಲು ಮುಚ್ಚಿತು. ರಾಜಧಾನಿಯ ಬೀದಿಗಳು ವಾರಗಟ್ಟಲೆ ನಾರಿದವು. ಬಳಿಕ ಹೊರೆಯು ಪೂರ್ವದಿಕ್ಕಿನ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಆ ಊರಿನವರೂ ಬೀದಿಗಿಳಿದರು. ನಾವು ಅಡಿಗೆಮನೆಯಲ್ಲಿ ಮಾಡದೆ ಬಿಟ್ಟ ಎರಡು ನಿಮಿಷದ ಕೆಲಸಕ್ಕೆ ಎರಡು ಗ್ರಾಮಗಳವರು ಬಾವಿಯ ನೀರನ್ನೂ ನೆಮ್ಮದಿಯನ್ನೂ ತೆತ್ತರೆಂದರೆ ಅತಿಶಯೋಕ್ತಿಯಾಗದು.

“ನಾವು ಬೇರ್ಪಡಿಸಿ ಕೊಟ್ಟರೂ ಗಾಡಿಯವರು ಬೆರೆಸುತ್ತಾರೆ” ಎಂಬ ಆಕ್ಷೇಪವು ಪ್ರತಿ ಬೀದಿಯಲ್ಲಿಯೂ ಕೇಳಿಬರುತ್ತದೆ. ಅದು ಕೆಲವೆಡೆ ನಿಜವೂ ಹೌದು. ಅಂತಹ ಗಾಡಿಯವರ ಮೇಲೆ ದೂರು ಕೊಡತಕ್ಕುದೇ ಸರಿ. ಆದರೆ ಗಾಜಿನ ಚೂರು ಕೈಗೆ ಚುಚ್ಚುವುದು ಗಾಡಿಯನ್ನು ಸೇರುವುದಕ್ಕೆ ಮೊದಲೇ ಅಲ್ಲವೆ? ಅಧಿಕಾರಿವರ್ಗದವರಿಗೂ ಒಂದು ಮಾತು: 2016ರ ನಿಯಮಗಳು ಹಸಿ, ಒಣ, ಅಪಾಯಕರ ಎಂದು ಮೂರು ಬಗೆಯಾಗಿ ಬೇರ್ಪಡಿಸಲು ವಿಧಿಸಿದವು. ಅವುಗಳ ಮೇಲೆ ಟಿಪ್ಪಣಿ ಬರೆದ ಮಹನೀಯರ ಮನೆಗಳಲ್ಲಿ ಎಷ್ಟು ಬುಟ್ಟಿಗಳಿವೆಯೋ!

2025ರ ಅಕ್ಟೋಬರಿನಲ್ಲಿ ನಗರಾಡಳಿತದವರು ಬೀದಿಯಲ್ಲಿ ಕಸ ಎಸೆದವರ ಮನೆಯ ಮುಂದೆಯೇ ಕಸ ಸುರಿದು ಅದನ್ನು ‘ಹಬ್ಬ’ವೆಂದು ಕರೆದರು. ನೋಡುವವರಿಗೆ ವಿನೋದವಾಯಿತು. ನಮಗಾದರೋ ಅದು ರುಚಿಸಲಿಲ್ಲ. ನೆರೆಯವರ ಮುಂದೆ ನಾಚಿದವನು ಮರುದಿನ ಕತ್ತಲೆಯಲ್ಲಿ ಎಸೆಯುವುದನ್ನು ಕಲಿತಾನು. ಸೊಪ್ಪಿನ ದಂಟನ್ನು ಒಂದು ಕಡೆ, ಹಾಲಿನ ಚೀಲವನ್ನು ತೊಳೆದು ಇನ್ನೊಂದು ಕಡೆ ಇಡುವ ಅಭ್ಯಾಸವು ಅದರಿಂದ ಬಂದೀತೆಂದು ನಾವು ನಂಬಲಾರೆವು. ಅದು ಮನೆಯ ಹಿರಿಯರು ದಿನವೂ ಮಾಡಿ ಮಕ್ಕಳು ದಿನವೂ ನೋಡಿ ಬರತಕ್ಕುದು. ಹೆಂಗಸರ ಕೆಲಸವೆಂದು ಗಂಡಸರು ಜಾರಿಕೊಳ್ಳುವ ಪದ್ಧತಿಯೂ ಇಲ್ಲಿ ಸಲ್ಲದು.

ನಾಳೆ ಬೆಳಿಗ್ಗೆ ಲೋಟವೊಂದು ಒಡೆದರೆ ಚೂರುಗಳನ್ನು ಕಾಗದದಲ್ಲಿ ದಪ್ಪವಾಗಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಪೌರಕಾರ್ಮಿಕಳ ಕೈಗೆ ಹೇಳಿ ಕೊಡಿರಿ. ಇದಕ್ಕೆ ಹಳೆಯ ವೃತ್ತಪತ್ರಿಕೆ ಸಾಕು, ನಮ್ಮದಾದರೂ ಅಡ್ಡಿಯಿಲ್ಲ.