ಎರಡನೆಯ ದನಿ

1968ರ ‘ಬ್ರಹ್ಮಚಾರಿ’ ಚಿತ್ರದಲ್ಲಿ ಮುಮ್ತಾಜ್ ಕಿತ್ತಳೆ ಬಣ್ಣದ ಸೀರೆಯುಟ್ಟು ಶಮ್ಮಿ ಕಪೂರರೊಡನೆ ಕುಣಿಯುವ ಯುಗಳಗೀತೆಯನ್ನು ಕೇಳದ ಮನೆ ಅಪರೂಪ. ಅದರ ಗಂಡುದನಿ ಮಹಮ್ಮದ್ ರಫಿಯವರದೆಂದು ಎಲ್ಲರೂ ಬಲ್ಲರು. ಹೆಣ್ಣುದನಿ? ಲತಾ ಮಂಗೇಶ್ಕರರದೆಂದು ಥಟ್ಟನೆ ನುಡಿಯುವವರೇ ಹೆಚ್ಚು. ಹಾಡಿದವರು ಸುಮನ್ ಕಲ್ಯಾಣಪುರ.

1937ರಲ್ಲಿ ಢಾಕಾದಲ್ಲಿ ಜನಿಸಿದ ಈ ಗಾಯಕಿಯ ತವರಿನ ಹೆಸರು ಹೆಮ್ಮಾಡಿ. ಕುಂದಾಪುರದ ಕಡೆಯವರಿಗೆ ಆ ಹೆಸರು ಯಾವ ಊರಿನದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅನುಕರಣೆಯಿಂದ ಆರಂಭಿಸಿದವರು ಚಿತ್ರಸಂಗೀತದಲ್ಲಿ ಹಲವರಿದ್ದಾರೆ. 1945ರ ‘ಪಹಲೀ ನಜರ್’ ಚಿತ್ರಕ್ಕೆ ಅನಿಲ್ ಬಿಸ್ವಾಸರ ಸಂಗೀತದಲ್ಲಿ ಮುಕೇಶ್ ಹಾಡಿದಾಗ, ಸೈಗಲ್ಲರೇ ಹಾಡಿದರೆಂದು ಭ್ರಮಿಸಿದವರಿದ್ದರು. ಕಿಶೋರ್ ಕುಮಾರರ ಮೊದಲ ಹಾಡುಗಳಲ್ಲಿಯೂ ಅದೇ ಛಾಯೆ. ಸೈಗಲ್ 1947ರ ಜನವರಿಯಲ್ಲಿ ತೀರಿಕೊಂಡರು. 1949ರ ‘ಅಂದಾಜ್’ ಬರುವಷ್ಟರಲ್ಲಿ ಮುಕೇಶ್ ತಮ್ಮದೇ ದನಿಯನ್ನು ಕಂಡುಕೊಂಡಿದ್ದರು. ತೊಟ್ಟುಕೊಂಡ ಅಂಗಿಯನ್ನು ಕಳಚುವುದು ಅಷ್ಟೇನೂ ಕಷ್ಟವಲ್ಲ.

ಸುಮನ್ ಕಳಚುವುದಾದರೂ ಏನನ್ನು? ಅವರ ಕಂಠ ಹುಟ್ಟಿನಿಂದಲೇ ತೆಳು, ನವಿರು. ಅಂದಿನ ಸಂಗೀತ ನಿರ್ದೇಶಕರು ಲತಾರ ಕಂಠವನ್ನು ಮನಸ್ಸಿನಲ್ಲಿಟ್ಟುಕೊಂಡೇ ರಾಗ ಹಾಕುತ್ತಿದ್ದರು. ಆ ಏರುಶ್ರುತಿಯ ಹಾಡು ಇಂಥ ಕಂಠಕ್ಕೆ ಬಂದಾಗ ಹೋಲಿಕೆ ಇಮ್ಮಡಿಯಾಗದೆ ಇದ್ದೀತೆ? ಅರವತ್ತರ ದಶಕದಲ್ಲಿ ಗೌರವಧನದ ಹಕ್ಕಿನ ವಿಷಯದಲ್ಲಿ ಮನಸ್ತಾಪ ಬೆಳೆದು ರಫಿ–ಲತಾ ಕೆಲವು ವರ್ಷ ಜೊತೆಯಾಗಿ ಹಾಡಲಿಲ್ಲ. ಆಗ ರಫಿಯವರೊಡನೆ ಹಾಡುವ ಅವಕಾಶ ಸುಮನ್‌ರಿಗೆ ಹೇರಳವಾಗಿ ಬಂತು. ಜೊತೆಗೆ ‘ಬದಲಿ ಗಾಯಕಿ’ ಎಂಬ ಹೆಸರೂ ಅಂಟಿತು. ರೇಡಿಯೋದಲ್ಲಿ ಅವರ ಹಾಡಿಗೆ ಲತಾರ ಹೆಸರು ಹೇಳಿಬಿಟ್ಟದ್ದೂ ಉಂಟು. ಹಾಡು ಚೆನ್ನಾಗಿದ್ದರೆ ಲತಾರದು, ಇಲ್ಲವಾದರೆ ನಕಲು! ಇಂಥ ತಕ್ಕಡಿಯಲ್ಲಿ ಯಾವ ಗಾಯಕಿ ತಾನೆ ತೂಗಿಯಾಳು?

ಅವರಿಗೆ ಪದ್ಮಭೂಷಣ ದೊರೆತದ್ದು 2023ರಲ್ಲಿ. ಆಗ ವಯಸ್ಸು ಎಂಬತ್ತೈದು ದಾಟಿತ್ತು. ಅದಕ್ಕೆ ಹಿಂದಿನ ವರ್ಷವೇ ಲತಾ ಅಗಲಿದ್ದರು.

ಇಬ್ಬರೂ ಜೊತೆಯಾಗಿ ಹಾಡಿದ ಗೀತೆಯೊಂದು 1959ರ ‘ಚಾಂದ್’ ಚಿತ್ರದಲ್ಲಿದೆ. ಸಂಗೀತ ಹೇಮಂತ ಕುಮಾರರದು. ಮೊದಲ ಸಲ ಕೇಳುವಾಗ ಒಬ್ಬರೇ ಹಾಡಿದಂತೆ ತೋರೀತು. ಮನೆಯ ಗದ್ದಲ ಅಡಗಿದ ಮೇಲೆ, ಕಣ್ಣು ಮುಚ್ಚಿ, ಎರಡನೆಯ ಸಲ ಕೇಳಬೇಕು. ಒಂದು ದನಿ ಗೆರೆ ಕೊರೆದಂತೆ ನೇರವಾಗಿ ಮೇಲೇರುತ್ತದೆ. ಇನ್ನೊಂದು ಅದೇ ಎತ್ತರಕ್ಕೆ ತುಸು ಮೆಲ್ಲಗೆ, ಅಂಚು ಮೃದುವಾಗಿಸಿಕೊಂಡು ಬಂದು ಸೇರುತ್ತದೆ.