ಯುದ್ಧಕಾಲದ ಒಂದು ಸಂಸಾರ

ಪ್ರತಿ ವರ್ಷ ಅಕ್ಟೋಬರ್ 2ರಂದು ನಮ್ಮ ಶಾಲೆಯ ಸಭಾಂಗಣದಲ್ಲಿ ಮೇಜಿನ ಮೇಲೆ ಎರಡು ಭಾವಚಿತ್ರಗಳನ್ನಿರಿಸಿ ಹೂಮಾಲೆ ಹಾಕುವುದು ರೂಢಿ. ದೊಡ್ಡ ಚಿತ್ರ ಮಹಾತ್ಮಾ ಗಾಂಧಿಯವರದು. ಪಕ್ಕದ ಚಿಕ್ಕ ಚಿತ್ರ ಲಾಲ್ ಬಹಾದೂರ್ ಶಾಸ್ತ್ರಿಯವರದು. ಭಾಷಣ ಮಾಡುವ ವಿದ್ಯಾರ್ಥಿಗಳು ಗಾಂಧೀಜಿಯವರ ವಿಷಯವಾಗಿ ಹತ್ತು ನಿಮಿಷ ಮಾತನಾಡಿ, ಉಳಿದ ಒಂದು ನಿಮಿಷವನ್ನು ಶಾಸ್ತ್ರಿಯವರಿಗೆ ಕೊಡುತ್ತಾರೆ. ಆ ಒಂದು ನಿಮಿಷದಲ್ಲಿ ಶ್ರೀಮತಿ ಲಲಿತಾ ಶಾಸ್ತ್ರಿಯವರ ಹೆಸರು ಬಂದುದನ್ನು ನಾವು ಇದುವರೆಗೆ ಕೇಳಿಲ್ಲ. ಇದು ಮರೆವಿನಿಂದಾದ ತಪ್ಪಷ್ಟೇ ಅಲ್ಲ, ವಿಚಾರದ ತಪ್ಪೂ ಹೌದು ಎಂಬುದು ನಮ್ಮ ಅಭಿಪ್ರಾಯ.

ಯುದ್ಧಕಾಲದಲ್ಲಿ ರಾಷ್ಟ್ರದ ಹೊಣೆ ಹೊತ್ತ ದಂಪತಿಗಳು ಎಂದೊಡನೆ, ಇತಿಹಾಸವನ್ನು ಓದಿಕೊಂಡ ಹುಡುಗರಿಗೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಅವರ ಪತ್ನಿ ಎಲಿನಾರ್ ನೆನಪಾಗುತ್ತಾರೆ. ಎಲಿನಾರ್ ಪತ್ರಿಕೆಗಳಿಗೆ ಅಂಕಣ ಬರೆದರು. 1943ರಲ್ಲಿ ದಕ್ಷಿಣ ಪೆಸಿಫಿಕ್ ದ್ವೀಪಗಳವರೆಗೆ ಹೋಗಿ ಗಾಯಾಳು ಸೈನಿಕರನ್ನು ಕಂಡು ಬಂದರು. ನಮ್ಮಲ್ಲಿ 1965ರ ಯುದ್ಧದ ವೇಳೆ ರಾಷ್ಟ್ರಪತಿಗಳಾಗಿದ್ದವರು ಡಾ. ರಾಧಾಕೃಷ್ಣನ್, ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರಾದ್ದರಿಂದ ಕನ್ನಡಿಗರಿಗೆ ಅವರು ಪರಕೀಯರಲ್ಲ. ಅವರ ಪತ್ನಿ 1956ರಲ್ಲಿಯೇ ತೀರಿಕೊಂಡಿದ್ದರು. ಅಲ್ಲದೆ ನಮ್ಮ ಸಂವಿಧಾನದ ರೀತ್ಯಾ ಯುದ್ಧದ ನಿಜವಾದ ಭಾರ ಬೀಳುವುದು ಪ್ರಧಾನಿಗಳ ಮೇಲೆ. ಆದುದರಿಂದ ನಾವು ನೋಡಬೇಕಾದುದು ರಾಯಸೀನಾ ಗುಡ್ಡದ ಮೇಲಿನ ಭವನವನ್ನಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ 10ನೇ ನಂಬರಿನ ಜನಪಥದ ಮನೆಯನ್ನು.

ಆ ಮನೆಗೆ ಬರುವ ಮುನ್ನ ಈ ದಂಪತಿಗಳು ನಡೆದ ದಾರಿ ದೀರ್ಘವಾದುದು. ಮಿರ್ಜಾಪುರದ ಲಲಿತಾದೇವಿಯವರನ್ನು ವರಿಸಿದಾಗ ಶಾಸ್ತ್ರಿಯವರು ಒಂದು ಚರಕವನ್ನೂ ಕೆಲವು ಗಜ ಖಾದಿಯನ್ನೂ ಬಿಟ್ಟು ಬೇರೇನನ್ನೂ ಸ್ವೀಕರಿಸಲಿಲ್ಲ. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಒಟ್ಟು ಏಳು ವರ್ಷಗಳನ್ನು ಅವರು ಸೆರೆಮನೆಯಲ್ಲಿ ಕಳೆದರು. ಆ ಕಾಲದ ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಲಾಲಾ ಲಜಪತರಾಯರು ಸ್ಥಾಪಿಸಿದ ಲೋಕಸೇವಕ ಮಂಡಲದಿಂದ ಶಾಸ್ತ್ರಿಯವರ ಸಂಸಾರಕ್ಕೆ ತಿಂಗಳಿಗೆ 50 ರೂಪಾಯಿ ಬರುತ್ತಿತ್ತಂತೆ. ಅದರಲ್ಲಿ 40 ರೂಪಾಯಿಯಲ್ಲಿ ಮನೆ ನಡೆಸಿ 10 ರೂಪಾಯಿ ಉಳಿಸುತ್ತಿದ್ದೇನೆಂದು ಪತ್ನಿ ತಿಳಿಸಿದಾಗ, ನಮಗೆ 40 ಸಾಕು, ಮಿಕ್ಕುದನ್ನು ಬೇರೆಯವರಿಗೆ ಕೊಡಿ ಎಂದು ಶಾಸ್ತ್ರಿಯವರು ಮಂಡಲಕ್ಕೆ ಬರೆದರಂತೆ. ಈ ಕಥೆಯನ್ನು ಕೇಳಿ ನಾವೆಲ್ಲರೂ ಶಾಸ್ತ್ರಿಯವರ ಪ್ರಾಮಾಣಿಕತೆಗೆ ತಲೆದೂಗುತ್ತೇವೆ. ತಲೆದೂಗತಕ್ಕದ್ದೇ. ಆದರೆ ಕೈಬಿಟ್ಟು ಹೋದ ಆ ಹತ್ತು ರೂಪಾಯಿ ಯಾರ ಜಾಣ್ಮೆಯಿಂದ ಉಳಿದಿತ್ತು, ಯಾವ ಕಷ್ಟಕಾಲಕ್ಕೆಂದು ಅದನ್ನು ಕೂಡಿಡಲಾಗುತ್ತಿತ್ತು ಎಂದು ಯಾರೂ ವಿಚಾರಿಸುವುದಿಲ್ಲ!

1964ರ ಜೂನ್ ತಿಂಗಳಲ್ಲಿ ಶಾಸ್ತ್ರಿಯವರು ಪ್ರಧಾನಿಗಳಾದರು. ಮರುವರ್ಷದ ಆಗಸ್ಟ್‌ನಲ್ಲಿ ಕಾಶ್ಮೀರದೊಳಗೆ ನುಸುಳುಕೋರರ ಪ್ರವೇಶ; ಸೆಪ್ಟೆಂಬರ್ 1ರಂದು ಛಾಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳ ದಾಳಿ; 6ನೆಯ ತಾರೀಖು ನಮ್ಮ ಸೈನ್ಯ ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿತು. 23ರಂದು ಕದನವಿರಾಮ. ಇಷ್ಟನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಇನ್ನೊಂದು ರಣರಂಗವಿದ್ದಿತು, ಅದು ಅಡಿಗೆಮನೆ. ಆಗ ನಮ್ಮ ದೇಶದ ಪಡಿತರದ ಗೋಧಿಯಲ್ಲಿ ಬಹುಪಾಲು ಅಮೆರಿಕದಿಂದ ಹಡಗಿನಲ್ಲಿ ಬರಬೇಕಾಗಿತ್ತು. ಆ ವರ್ಷ ಮಳೆಯೂ ಕೈಕೊಟ್ಟಿತು. ಅಮೆರಿಕದ ಸರಕಾರ ದೀರ್ಘಾವಧಿಯ ಒಪ್ಪಂದಕ್ಕೆ ಒಡಂಬಡದೆ ಧಾನ್ಯವನ್ನು ಸ್ವಲ್ಪ ಸ್ವಲ್ಪವಾಗಿ ಬಿಡತೊಡಗಿತು. ಅನ್ನಕ್ಕಾಗಿ ಪರರ ಮುಖ ನೋಡುವ ದೇಶ ಗಡಿಯಲ್ಲಿ ಎಷ್ಟು ದಿನ ಎದೆಯೊಡ್ಡೀತು?

ವಾರಕ್ಕೊಂದು ಹೊತ್ತು, ಸೋಮವಾರ ಸಂಜೆ, ಊಟ ಬಿಡಿರೆಂದು ಶಾಸ್ತ್ರಿಯವರು ಜನರನ್ನು ಬೇಡಿಕೊಂಡುದು ಈ ಸಂದರ್ಭದಲ್ಲಿ. ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದುವು. ಆದರೆ ಆ ಮಾತು ಜನರ ಮುಂದೆ ಬರುವುದಕ್ಕೆ ಮೊದಲು ಅದರ ಪರೀಕ್ಷೆ ಪ್ರಧಾನಿಗಳ ಮನೆಯಲ್ಲಿಯೇ ನಡೆಯಿತೆಂದು ಅವರ ಪುತ್ರರಾದ ಅನಿಲ್ ಶಾಸ್ತ್ರಿಯವರು ಹೇಳಿದ್ದಾರೆ. ಒಂದು ಸಂಜೆ ಒಲೆ ಹಚ್ಚಬೇಡವೆಂದು ತಂದೆ ತಾಯಿಗೆ ಹೇಳಿದರು. ಮಕ್ಕಳು ಹಸಿವನ್ನು ತಾಳಬಲ್ಲರೇ ಎಂಬುದನ್ನು ನೋಡಿಕೊಂಡ ಮೇಲೆಯೇ ದೇಶಕ್ಕೆ ಕರೆ ಕೊಟ್ಟರು. ಮಕ್ಕಳ ಮುಖ ನೋಡುತ್ತ ಒಲೆ ಹಚ್ಚದೆ ಕುಳಿತಿರುವುದು ಎಷ್ಟು ಕಠಿಣವೆಂಬುದು ನಿಮ್ಮ ನಿಮ್ಮ ತಾಯಂದಿರನ್ನು ಕೇಳಿದರೆ ತಿಳಿದೀತು. ಮನೆಯ ಮುಂದಿನ ಹುಲ್ಲುಹಾಸನ್ನೂ ಉತ್ತು ಬೆಳೆ ತೆಗೆದರು. ಎಲಿನಾರ್ ಊರೂರು ಸುತ್ತಿ ಮಾಡಿದ ಕೆಲಸಕ್ಕೂ ಲಲಿತಾದೇವಿಯವರು ಹೊಸ್ತಿಲೊಳಗೇ ಇದ್ದು ಮಾಡಿದ ಕೆಲಸಕ್ಕೂ ಬೆಲೆಯಲ್ಲಿ ಅಂತರವಿದೆಯೆಂದು ನಮಗೆ ತೋರುವುದಿಲ್ಲ.

ತನ್ನ ಮನೆಗೆ ವಿನಾಯಿತಿ ಬೇಡವೆಂಬ ಈ ನಡತೆ ಆ ವರ್ಷ ನಮ್ಮ ಕೊಡಗಿನಲ್ಲಿಯೂ ಕಂಡುಬಂದಿತು. ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಅಧಿಕಾರಿ, ಯುದ್ಧದ ಕೊನೆಯಲ್ಲಿ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಧ್ಯಕ್ಷ ಅಯೂಬ್ ಖಾನರು ಅವರನ್ನು ಬಿಡುಗಡೆ ಮಾಡಲು ಸಿದ್ಧರಿದ್ದರು. ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ದಯೆ ಬೇಡವೆಂದು ಮಡಿಕೇರಿಯ ಆ ತಂದೆ ಉತ್ತರವಿತ್ತರು.

ಇಷ್ಟರಿಂದ, ಶಾಸ್ತ್ರಿಯವರ ಪತ್ನಿ ಪತಿಯ ಮಾತಿಗೆ ಹೂಂಗುಟ್ಟುವ ಸಾಧ್ವಿ ಮಾತ್ರವೆಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ತಾಷ್ಕೆಂಟಿನ ಕಡೆಯ ರಾತ್ರಿಯನ್ನು ನೋಡಿರಿ. 1966ರ ಜನವರಿ 10ರಂದು ಅಲ್ಲಿ ಶಾಂತಿ ಘೋಷಣೆಗೆ ಸಹಿ ಬಿದ್ದಿತು. ಎರಡೂ ಸೈನ್ಯಗಳು ಆಗಸ್ಟ್ 5ಕ್ಕೆ ಮೊದಲಿದ್ದ ನೆಲೆಗೆ ಹಿಂದಿರುಗಬೇಕೆಂಬುದು ಅದರ ನಿಬಂಧನೆ. ಆದುದರಿಂದ ನಮ್ಮ ಯೋಧರು ರಕ್ತ ಸುರಿಸಿ ಗೆದ್ದ ಹಾಜಿಪೀರ್ ಕಣಿವೆಯನ್ನು ಬಿಟ್ಟುಕೊಡಬೇಕಾಯಿತು. ಅಂದು ರಾತ್ರಿ ಶಾಸ್ತ್ರಿಯವರು ದೆಹಲಿಯ ಮನೆಗೆ ದೂರವಾಣಿಯಲ್ಲಿ ಮಾತನಾಡಿದರು. ಆಗ ತಾಷ್ಕೆಂಟಿನಲ್ಲಿದ್ದ ಪತ್ರಕರ್ತ ಕುಲದೀಪ್ ನಯ್ಯರ್ ಬರೆದಿರುವ ಪ್ರಕಾರ, ಒಪ್ಪಂದ ಹೇಗೆನಿಸಿತೆಂದು ಶಾಸ್ತ್ರಿಯವರು ಮಗಳನ್ನು ಕೇಳಿದರು, ಹಿಡಿಸಲಿಲ್ಲವೆಂದಳು ಮಗಳು. ಅಮ್ಮನಿಗೆ? ಅವರಿಗೂ ಹಿಡಿಸಲಿಲ್ಲ. ಮನೆಯವರಿಗೇ ಒಪ್ಪಿಗೆಯಿಲ್ಲದಿದ್ದರೆ ಹೊರಗಿನವರು ಏನೆಂದಾರೆಂದು ಶಾಸ್ತ್ರಿಯವರು ಮನನೊಂದರು. ಪತ್ನಿಯನ್ನು ಕರೆಯೆಂದರು. ಲಲಿತಾದೇವಿಯವರು ಮಾತನಾಡಲು ಬರಲಿಲ್ಲ. ಕೆಲವೇ ಗಂಟೆಗಳಲ್ಲಿ, 11ರ ನಸುಕಿಗೆ ಮೊದಲೇ, ಶಾಸ್ತ್ರಿಯವರು ತೀರಿಕೊಂಡರು.

ಇದನ್ನು ಮಕ್ಕಳ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ನಮ್ಮಲ್ಲಿಯೇ ಚರ್ಚೆ ನಡೆಯಿತು. ಬರೆಯಬೇಕೆಂದೇ ನಿರ್ಧರಿಸಿದೆವು. ಒಪ್ಪಂದದ ವಿಷಯದಲ್ಲಿ ನಾವು ಶಾಸ್ತ್ರಿಯವರ ಪಕ್ಷ: ಪಾಕಿಸ್ತಾನವೂ ಛಾಂಬ್ ಪ್ರದೇಶವನ್ನು ತೆರವು ಮಾಡಬೇಕಾಯಿತು, ಕೊಡದೆ ಪಡೆಯುವ ಸಂಧಿ ಲೋಕದಲ್ಲಿಲ್ಲ. ಆದರೆ ರಾಜ್ಯದ ವಿಷಯ ನಿಮಗೇಕೆ ಎನ್ನದೆ ಮನೆಯವರ ಅಭಿಪ್ರಾಯವನ್ನು ಕೇಳಿದ ಪ್ರಧಾನಿಯೂ, ಗಂಡನೆಂದು ಮುಖಸ್ತುತಿ ಮಾಡದ ಹೆಂಡತಿಯೂ ಒಂದೇ ಮನೆಯಲ್ಲಿದ್ದುದು ನಮಗೆ ಬಹು ದೊಡ್ಡದಾಗಿ ಕಾಣುತ್ತದೆ. ಹಸಿವಿನ ಸೋಮವಾರಗಳನ್ನು ನಡೆಸಿಕೊಟ್ಟವರಿಗೆ ಒಪ್ಪಂದ ಹಿಡಿಸಲಿಲ್ಲವೆನ್ನುವ ಅಧಿಕಾರವಿತ್ತು. ಆ ಮೌನದ ಭಾರವನ್ನು ಅವರು ಮುಂದೆ ಇಪ್ಪತ್ತೇಳು ವರ್ಷ ಹೊತ್ತು, 1993ರಲ್ಲಿ ತೀರಿಕೊಂಡರು.

ಪ್ರಧಾನಿಗಳು ಬಿಟ್ಟುಹೋದ ಆಸ್ತಿಯಲ್ಲಿ ಒಂದು ಸಾಲವೂ ಇತ್ತು. 12,000 ರೂಪಾಯಿಯ ಫಿಯೆಟ್ ಕಾರಿಗೆ ಕೈಯಲ್ಲಿದ್ದುದು 7,000. ಉಳಿದ 5,000ವನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಪಡೆದಿದ್ದರು. ಅದನ್ನು ಲಲಿತಾದೇವಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಆ ಕಾರನ್ನು ಮೋತಿಲಾಲ್ ನೆಹರೂ ಪ್ಲೇಸಿನ ಶಾಸ್ತ್ರಿ ಸ್ಮಾರಕದಲ್ಲಿ ಇರಿಸಿದ್ದಾರೆ. ದೆಹಲಿಯಲ್ಲಿದ್ದೂ ಅದನ್ನು ನೋಡದ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ ಮಂದಿ.

ಮುಂದಿನ ಅಕ್ಟೋಬರ್ 2ಕ್ಕೆ ಮೂರನೆಯ ಭಾವಚಿತ್ರವೊಂದನ್ನು ಇಡಬೇಕೆಂದು ನಾವು ಉಪಾಧ್ಯಾಯರಲ್ಲಿ ಕೇಳಿಕೊಂಡೆವು. ಮೇಜು ಚಿಕ್ಕದೆಂಬ ಉತ್ತರ ಬಂದಿದೆ. ಗ್ರಂಥಾಲಯದಲ್ಲಿ ಇನ್ನೊಂದು ಮೇಜಿದೆ. ಹೊತ್ತು ತರಲು ಹತ್ತನೆಯ ತರಗತಿಯವರು ಒಪ್ಪಿದ್ದಾರೆ.