ಸ್ಮೃತಿಯ ಮುಳ್ಳು ಮತ್ತು ಕಣ್ಣಿನ ಚಲನೆ

ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಓದಿದವರಿಗೆ ಅನುಭವವು ಬೇರೆ, ಸ್ಮೃತಿಯು ಬೇರೆ ಎಂಬುದು ತಿಳಿದ ವಿಷಯವೇ. ಎದುರಿಗಿರುವ ಬೆಂಕಿಯನ್ನು ಕಾಣುವುದು ಅನುಭವ. ಆ ಅನುಭವವು ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರದಿಂದ ಮುಂದೆಂದೋ ಅದನ್ನು ನೆನೆಯುವುದು ಸ್ಮೃತಿ. ಮೊದಲನೆಯ ಬೆಂಕಿಯು ಸುಡುವುದು, ಎರಡನೆಯದು ಸುಡಲಾರದು. ಇದು ಸ್ವಸ್ಥವಾದ ಮನಸ್ಸಿನ ಧರ್ಮ. ಆದರೆ ಕೆಲವರಲ್ಲಿ ಈ ಭೇದವು ಅಳಿಸಿಹೋಗಿ, ನೆನಪೇ ಅನುಭವವಾಗಿ ಸುಡತೊಡಗುವುದುಂಟು. ಆ ವ್ಯಾಧಿಯನ್ನೂ ಅದಕ್ಕೆ ಬಳಕೆಗೆ ಬಂದಿರುವ ಒಂದು ವಿಲಕ್ಷಣವಾದ ಚಿಕಿತ್ಸೆಯನ್ನೂ ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುವೆನು.

ಬಸ್ಸಿನ ಅಪಘಾತದಲ್ಲಿ ಬದುಕಿ ಉಳಿದವನೊಬ್ಬನನ್ನು ಭಾವಿಸಿಕೊಳ್ಳೋಣ. ಮೈಮೇಲಿನ ಗಾಯಗಳು ಮಾಯ್ದಿವೆ. ಆದರೂ ಬೀದಿಯಲ್ಲಿ ಬ್ರೇಕಿನ ಸದ್ದಾದರೆ ಅವನ ಎದೆ ಹಾರುವುದು. ರಾತ್ರಿ ಅದೇ ಕನಸು ಮತ್ತೆ ಮತ್ತೆ ಬಂದು ಬೆಚ್ಚಿ ಏಳುವನು. ಆ ದಾರಿಯನ್ನೇ ಬಿಟ್ಟು ಸುತ್ತಿಬಳಸಿ ಹೋಗುವನು. ಮನೆಯವರು, “ಆದದ್ದು ಆಗಿಹೋಯಿತು, ಮರೆತುಬಿಡಪ್ಪ” ಎನ್ನುವರು. ಅವನಿಗಾದರೋ ಅದು ಆಗಿಹೋದುದಲ್ಲ, ಆಗುತ್ತಲೇ ಇರುವುದು. ಯುದ್ಧ, ಭೂಕಂಪ, ಬಲಾತ್ಕಾರ, ಬಾಲ್ಯದ ಹಿಂಸೆ, ಇವುಗಳ ತರುವಾಯ ಬರುವ ಈ ಸ್ಥಿತಿಯನ್ನು 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪ್ರತ್ಯೇಕ ವ್ಯಾಧಿಯೆಂದು ತನ್ನ ಪಟ್ಟಿಯಲ್ಲಿ ಸೇರಿಸಿತು. ಆಘಾತೋತ್ತರ ಒತ್ತಡದ ವ್ಯಾಧಿಯೆಂದು ಅದನ್ನು ಕರೆಯಬಹುದು.

1987ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾನ್ಸಿನ್ ಶಪೀರೋ ಎಂಬ ವಿದುಷಿಯು ಉದ್ಯಾನದಲ್ಲಿ ತಿರುಗಾಡುತ್ತಿದ್ದಾಗ, ತನ್ನನ್ನು ಬಾಧಿಸುತ್ತಿದ್ದ ಆಲೋಚನೆಗಳು ಇದ್ದಕ್ಕಿದ್ದಂತೆ ಶಾಂತವಾದುದನ್ನು ಕಂಡಳು. ಆ ವೇಳೆಯಲ್ಲಿ ತನ್ನ ಕಣ್ಣುಗಳು ತಾವಾಗಿಯೇ ಅತ್ತಿತ್ತ ವೇಗವಾಗಿ ಚಲಿಸುತ್ತಿದ್ದುವೆಂಬುದನ್ನೂ ಗಮನಿಸಿದಳು. ಇದನ್ನು ಇತರರಲ್ಲಿ ಪರೀಕ್ಷಿಸಿ, 22 ಮಂದಿಯಲ್ಲಿ ಕಂಡ ಫಲವನ್ನು 1989ರಲ್ಲಿ ಪ್ರಕಟಿಸಿದಳು. ಇ.ಎಂ.ಡಿ.ಆರ್. ಎಂದು ಪ್ರಸಿದ್ಧವಾದ ಚಿಕಿತ್ಸೆಯು ಹೀಗೆ ಹುಟ್ಟಿತು. ಆಕೆಯು 2019ರಲ್ಲಿ ತೀರಿಕೊಂಡಳು.

ಈ ಚಿಕಿತ್ಸೆಗೆ ಎಂಟು ಹಂತಗಳುಂಟು. ಚಿಕಿತ್ಸಕರು ಮೊದಲು ರೋಗಿಯ ಪೂರ್ವವೃತ್ತಾಂತವನ್ನು ತಿಳಿಯುವರು. ಬಳಿಕ ಮನಸ್ಸು ಕಲಕಿದಾಗ ಅದನ್ನು ಸ್ಥಿಮಿತಕ್ಕೆ ತಂದುಕೊಳ್ಳುವ ಬಗೆಯನ್ನು ಕಲಿಸುವರು. ಮೂರನೆಯದಾಗಿ, ಬಾಧಿಸುವ ಒಂದು ದೃಶ್ಯವನ್ನು ಆರಿಸಿ, ಅದರ ಸಂಕಟವು ಸೊನ್ನೆಯಿಂದ 10ರ ವರೆಗಿನ ಅಳತೆಯಲ್ಲಿ ಎಷ್ಟೆಂದು ಕೇಳುವರು. ಆಮೇಲೆ ರೋಗಿಯು ಆ ದೃಶ್ಯವನ್ನು ನೆನೆಯುತ್ತ, ಚಿಕಿತ್ಸಕರು ಅತ್ತಿಂದಿತ್ತ ಆಡಿಸುವ ಬೆರಳುಗಳನ್ನು ತಲೆಯನ್ನು ತಿರುಗಿಸದೆ ಕಣ್ಣಿನಿಂದಲೇ ಅನುಸರಿಸಬೇಕು. ಸುಮಾರು ಅರ್ಧ ನಿಮಿಷವಾದ ಮೇಲೆ ನಿಲ್ಲಿಸಿ, “ಈಗ ಏನು ತೋರುತ್ತಿದೆ?” ಎಂದು ಕೇಳುವರು. ಸಂಕಟವು ಇಳಿಯುವ ವರೆಗೆ ಹೀಗೆಯೇ ನಡೆಯುವುದು. “ನನ್ನದೇ ತಪ್ಪು” ಎಂಬಂತಹ ಭಾವನೆಯಿದ್ದೆಡೆಯಲ್ಲಿ ಹಿತವಾದ ನಂಬಿಕೆಯನ್ನು ನೆಲೆಗೊಳಿಸುವುದು, ದೇಹದಲ್ಲಿ ಉಳಿದಿರುವ ಬಿಗುವನ್ನು ಪರಿಶೀಲಿಸುವುದು, ಮನಸ್ಸನ್ನು ಶಾಂತಗೊಳಿಸಿ ಮುಗಿಸುವುದು, ಮುಂದಿನ ಸಲ ಫಲವನ್ನು ವಿಮರ್ಶಿಸುವುದು, ಇವು ಉಳಿದ ಹಂತಗಳು. ನಡೆದುದೆಲ್ಲವನ್ನೂ ಬಾಯಿಬಿಟ್ಟು ವಿವರಿಸಬೇಕೆಂಬ ನಿರ್ಬಂಧವಿಲ್ಲ. ಹೇಳಿಕೊಳ್ಳಲಾರದ ದುಃಖವುಳ್ಳವರಿಗೆ ಇದು ದೊಡ್ಡ ಉಪಕಾರ.

ಕಣ್ಣಾಡಿಸುವುದರಿಂದ ಮನಸ್ಸು ಗುಣವಾಗುವುದು ಹೇಗೆಂದು ವಾಚಕರು ಕೇಳಬಹುದು. ಒಂದು ಸಮಾಧಾನ ಹೀಗಿದೆ: ಒಂದು ಹೊತ್ತಿನಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ವಿಷಯವು ಸ್ವಲ್ಪವೇ. ನೆನಪೂ ಬೆರಳಿನ ಚಲನೆಯೂ ಒಟ್ಟಿಗೆ ಅಲ್ಲಿ ಸ್ಥಳವನ್ನು ಬೇಡುವುದರಿಂದ ನೆನಪಿನ ಚಿತ್ರವು ಮಸುಕಾಗಿ, ಮಸುಕಾದ ರೂಪದಲ್ಲಿಯೇ ಮತ್ತೆ ಸಂಸ್ಕಾರವಾಗಿ ನಿಲ್ಲುವುದು. ಆದರೆ ಕಣ್ಣಿನ ಚಲನೆಯು ಅವಶ್ಯವೇ ಅಲ್ಲ, ಧೈರ್ಯವಾಗಿ ನೆನಪನ್ನು ಎದುರಿಸುವುದೇ ಔಷಧವೆಂದು ವಾದಿಸುವ ಪಂಡಿತರೂ ಉಂಟು. ಆ ವಾದವು ಮುಗಿದಿಲ್ಲ. ಚಿಕಿತ್ಸೆಯಿಂದ ಫಲವುಂಟೆಂಬುದನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಅಂಗೀಕರಿಸಿ, ದೊಡ್ಡವರಿಗೂ ಮಕ್ಕಳಿಗೂ ಇದನ್ನು ಸೂಚಿಸಿದೆ.

ಇನ್ನು ಗೃಹಸ್ಥರ ಕರ್ತವ್ಯವನ್ನು ಹೇಳುವೆನು. ಆಘಾತವಾದ ಮೊದಲ ಕೆಲವು ವಾರಗಳಲ್ಲಿ ನಿದ್ರೆ ಕೆಡುವುದೂ ಬೆಚ್ಚುವುದೂ ಸಹಜ. ಅನೇಕರು ತಾವಾಗಿಯೇ ಚೇತರಿಸಿಕೊಳ್ಳುವರು. ಒಂದು ತಿಂಗಳಿಗೂ ಮೀರಿ ಬಾಧೆಯು ಉಳಿದರೆ ವೈದ್ಯರನ್ನು ಕಾಣತಕ್ಕದ್ದು. ವಿಧಾನವು ಸುಲಭವಾಗಿ ತೋರಿತೆಂದು ಮನೆಯಲ್ಲಿ ಬೆರಳಾಡಿಸಿ ಪ್ರಯೋಗಿಸಕೂಡದು. ಗಾಯವನ್ನು ಬಿಚ್ಚುವುದು ಸುಲಭ, ಮತ್ತೆ ಕಟ್ಟುವುದಕ್ಕೆ ಶಿಕ್ಷಣ ಬೇಕು. ಚಿಕಿತ್ಸೆಯ ದಿನಗಳಲ್ಲಿ ಕನಸುಗಳೂ ಹಳೆಯ ನೆನಪುಗಳೂ ಕೆಲಕಾಲ ಹೆಚ್ಚಬಹುದು. ಆಗ ಮನೆಯವರು ಕೆದಕಿ ಕೇಳದೆ, ಹತ್ತಿರವಿದ್ದು, ಹೊತ್ತಿಗೆ ಸರಿಯಾಗಿ ಊಟವನ್ನೂ ನಿದ್ರೆಯನ್ನೂ ನೋಡಿಕೊಂಡರೆ ಸಾಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಗೆ, 14416 ಎಂಬ ಸಂಖ್ಯೆಯಲ್ಲಿ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಪ್ರಧಾನ ಕೇಂದ್ರ.

ಗುಣವಾದವನು ನಡೆದುದನ್ನು ಮರೆತಿರುವುದಿಲ್ಲ. ಕೇಳಿದರೆ ಹೇಳಬಲ್ಲನು, ಹೇಳುವಾಗ ಕಣ್ಣು ತೇವವಾದರೂ ಆಗಬಹುದು. ಆದರೆ ಅದು ಅಂದು ನಡೆದದ್ದು, ಇಂದು ತಾನು ಮನೆಯಲ್ಲಿ ತನ್ನವರ ನಡುವೆ ಇದ್ದೇನೆ ಎಂಬ ಅರಿವು ಅವನಿಗಿರುವುದು. ಆದಕಾರಣ “ಮರೆತುಬಿಡು” ಎಂಬ ಮಾತನ್ನು ನಾವು ಬಿಡೋಣ. ಅನುಭವವಾಗಿ ಸುಡುತ್ತಿದ್ದುದು ಬರಿಯ ಸ್ಮೃತಿಯಾದರೆ ಅಷ್ಟೇ ಸಾಕು.